ತಾರಸಿ ಮೇಲಿಂದ ಗ್ಯಾಲಕ್ಸಿ: ಬೀದಿದೀಪದ ಬೆಳಕನ್ನು ಕಳೆಯುವ ಲೆಕ್ಕ

2016ರ ಸೆಪ್ಟೆಂಬರ್ 20. ಅರ್ಜೆಂಟೀನಾದ ದೊಡ್ಡ ನಗರಗಳಲ್ಲೊಂದಾದ ರೊಸಾರಿಯೊದಲ್ಲಿ ವಿಕ್ಟರ್ ಬೂಸೊ ಎಂಬ ಹವ್ಯಾಸಿ ಖಗೋಳ ವೀಕ್ಷಕರು, ಮನೆಯ ಮೇಲೆ ತಾವೇ ಕಟ್ಟಿಕೊಂಡಿದ್ದ ಪುಟ್ಟ ವೀಕ್ಷಣಾಲಯದಲ್ಲಿ ಹೊಸ ಕ್ಯಾಮೆರಾವೊಂದನ್ನು ಪರೀಕ್ಷಿಸುತ್ತಿದ್ದರು. ವೃತ್ತಿಯಿಂದ ಅವರು ಬೀಗದ ಕೆಲಸದವರು. ಅವರ ದೂರದರ್ಶಕದ ಕನ್ನಡಿಯ ವ್ಯಾಸ 40 ಸೆಂಟಿಮೀಟರ್. ಗುರಿ, ಸುಮಾರು ಎಂಟು ಕೋಟಿ ಜ್ಯೋತಿರ್ವರ್ಷಗಳಾಚೆಯ ಎನ್‌ಜಿಸಿ 613 ಎಂಬ ಸುರುಳಿ ಗ್ಯಾಲಕ್ಸಿ. ನಗರದ ದೀಪಗಳಿಂದ ಆಕಾಶ ಎಷ್ಟು ಬೆಳಗಿತ್ತೆಂದರೆ, ಕ್ಯಾಮೆರಾದ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಚಿತ್ರವೆಲ್ಲ ಬಿಳಿಚಿಕೊಳ್ಳುವಂತಿತ್ತು. ಹೀಗಾಗಿ ಅವರು ತಲಾ 20 ಸೆಕೆಂಡ್‌ಗಳ ಚಿಕ್ಕ ಚಿಕ್ಕ ಚಿತ್ರಗಳನ್ನು ಸಾಲುಸಾಲಾಗಿ ತೆಗೆಯುತ್ತ ಹೋದರು. ಅಂದು ಆ ಕ್ಯಾಮೆರಾಕ್ಕೆ ಸಿಕ್ಕಿದ್ದು 2018ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಸಂಶೋಧನಾ ಪ್ರಬಂಧವಾಗಿ ಪ್ರಕಟವಾಯಿತು. ಅದೇನೆಂಬುದು ಮುಂದೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳ ತಾರಸಿಯಲ್ಲಿ ನಿಂತು ರಾತ್ರಿ ತಲೆಯೆತ್ತಿದವರಿಗೆ ಕಾಣುವುದು ಬೆರಳೆಣಿಕೆಯ ನಕ್ಷತ್ರಗಳು, ಒಂದೆರಡು ಗ್ರಹ, ಹೆಚ್ಚೆಂದರೆ ಇಳಿಯಲು ಹೊರಟ ವಿಮಾನ. ಆಕಾಶಗಂಗೆಯನ್ನೇ ಕಾಣದ ತಲೆಮಾರೊಂದು ನಗರಗಳಲ್ಲಿ ಬೆಳೆದು ನಿಂತಿದೆ. ನಮ್ಮದೇ ಗ್ಯಾಲಕ್ಸಿ ಕಾಣದ ಕಡೆಯಿಂದ ಕೋಟ್ಯಂತರ ಜ್ಯೋತಿರ್ವರ್ಷಗಳಾಚೆಯ ಬೇರೊಂದು ಗ್ಯಾಲಕ್ಸಿಯ ಚಿತ್ರ ತೆಗೆಯುವುದು ಸಾಧ್ಯವೇ? ಸಾಧ್ಯ. ಅದಕ್ಕೆ ಬೇಕಿರುವುದು ಒಂದು ಕನ್ನಡಿ ದೂರದರ್ಶಕ, ಭೂಮಿಯ ತಿರುಗುವಿಕೆಯನ್ನು ಸರಿದೂಗಿಸುವ ಗಟ್ಟಿ ಪೀಠ, ಕ್ಯಾಮೆರಾ, ಕಂಪ್ಯೂಟರ್. ಇವೆಲ್ಲಕ್ಕಿಂತ ಹೆಚ್ಚಾಗಿ ಸಮಯ. ಎಷ್ಟು ಸಮಯ ಎಂಬುದಕ್ಕೆ ಖಚಿತವಾದ ಲೆಕ್ಕವೇ ಇದೆ.

ಸಂತೆಯಲ್ಲಿ ಪಿಸುಮಾತು

ಆಕಾಶದ ಕತ್ತಲನ್ನು ಖಗೋಳ ವಿಜ್ಞಾನಿಗಳು ಕಾಂತಿಮಾನದಲ್ಲಿ ಅಳೆಯುತ್ತಾರೆ. ಈ ಅಳತೆಯಲ್ಲಿ ಸಂಖ್ಯೆ ಹೆಚ್ಚಿದಷ್ಟೂ ಕತ್ತಲೆ ಹೆಚ್ಚು. ದೀಪಗಳೇ ಇಲ್ಲದ ನಿರ್ಜನ ಪ್ರದೇಶದಲ್ಲಿ ಆಕಾಶದ ಒಂದು ಚದರ ಕೋನಸೆಕೆಂಡಿನಷ್ಟು ತುಣುಕಿನ ಕಾಂತಿಮಾನ 22ರ ಸಮೀಪ. ದೊಡ್ಡ ನಗರದ ನಡುವೆ ಅದು 18ರ ಆಸುಪಾಸಿಗೆ ಇಳಿಯುತ್ತದೆ. ನಾಲ್ಕು ಅಂಕಿಯ ಅಂತರ ಅಲ್ಪವೆಂದು ತೋರಬಹುದು. ವಾಸ್ತವದಲ್ಲಿ ಅದು 40 ಪಟ್ಟು ಬೆಳಕು. ಅಮೆರಿಕದ ಹವ್ಯಾಸಿ ಜಾನ್ ಬಾರ್ಟಲ್ 2001ರಲ್ಲಿ ರೂಪಿಸಿದ ಒಂಬತ್ತು ದರ್ಜೆಗಳ ಪಟ್ಟಿಯಲ್ಲಿ ಮಹಾನಗರಗಳ ನಡುಭಾಗ ಬರುವುದು ಕೊನೆಯ ಎರಡು ದರ್ಜೆಗಳಲ್ಲಿ.

ಗ್ಯಾಲಕ್ಸಿಯೊಂದರ ನಡುಗಡ್ಡೆಯಂಥ ಕೇಂದ್ರ ಪ್ರಖರವಾಗಿರುತ್ತದೆ. ಅದು ನಗರದಲ್ಲೂ ಸುಲಭವಾಗಿ ಸಿಗುತ್ತದೆ. ಆದರೆ ಚಿತ್ರಕ್ಕೆ ಸೊಬಗು ತರುವ ಸುರುಳಿ ತೋಳುಗಳ ಕಾಂತಿಮಾನ ಸಾಮಾನ್ಯವಾಗಿ 22 ಅಥವಾ ಅದಕ್ಕೂ ಮಂಕು. ಎಂದರೆ ನಗರದ ಕ್ಯಾಮೆರಾಕ್ಕೆ ಗ್ಯಾಲಕ್ಸಿಯ ತೋಳಿನಿಂದ ಬೆಳಕಿನ ಒಂದು ಕಣ ಬಂದು ಬೀಳುವಷ್ಟರಲ್ಲಿ, ಊರಿನ ದೀಪಗಳಿಂದ ಚದುರಿ ಬಂದ 40 ಕಣಗಳು ಅದೇ ಜಾಗದಲ್ಲಿ ಬಿದ್ದಿರುತ್ತವೆ.

ಆ ನಲವತ್ತನ್ನು ಕಳೆದುಬಿಟ್ಟರಾಯಿತಲ್ಲ ಎನ್ನಿಸುವುದು ಸಹಜ. ಕಂಪ್ಯೂಟರ್ ಕಳೆಯುತ್ತದೆ ಕೂಡ. ತೊಡಕಿರುವುದು ಬೇರೆಡೆ. ಬೆಳಕಿನ ಕಣಗಳು ಗಡಿಯಾರದ ಮುಳ್ಳಿನಂತೆ ನಿಯಮಬದ್ಧವಾಗಿ ಬರುವುದಿಲ್ಲ. ಮಳೆಹನಿಗಳಂತೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಸರಾಸರಿ 4,000 ಕಣ ಬೀಳುವ ಕಡೆ ಈ ಏರಿಳಿತ ಅದರ ವರ್ಗಮೂಲದಷ್ಟು, ಅಂದರೆ 63ರಷ್ಟಿರುತ್ತದೆ. ಸರಾಸರಿಯನ್ನು ಕಳೆಯಬಹುದು, ಏರಿಳಿತವನ್ನು ಕಳೆಯಲಾಗದು. ಛಾಯಾಗ್ರಾಹಕರು ಇದನ್ನೇ ‘ಗದ್ದಲ’ ಎನ್ನುತ್ತಾರೆ. ಸಂತೆಯ ಸದ್ದಿನ ನಡುವೆ ಯಾರೋ ಆಡಿದ ಪಿಸುಮಾತನ್ನು ಕೇಳಿಸಿಕೊಳ್ಳಬೇಕಾದ ಪರಿಸ್ಥಿತಿ ಇದು.

ಒಂದು ಚಿತ್ರದಲ್ಲಿ ಗ್ಯಾಲಕ್ಸಿಯ ತೋಳಿನಿಂದ 100 ಕಣ, ನಗರದ ಆಕಾಶದಿಂದ 4,000 ಕಣ ಬಿದ್ದವೆನ್ನಿ. ಒಟ್ಟು 4,100ರ ಏರಿಳಿತ 64. ನೂರು ಕಣಗಳ ಪಿಸುಮಾತು ಅರವತ್ತನಾಲ್ಕರ ಗದ್ದಲದಲ್ಲಿ ಕರಗಿಹೋಗುತ್ತದೆ. ಇಂಥ ನೂರು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿದರೆ ಗ್ಯಾಲಕ್ಸಿಯ ಪಾಲು 10,000 ಕಣ. ಗದ್ದಲ ಮಾತ್ರ 640. ಸಂಕೇತ ನೂರು ಪಟ್ಟು ಬೆಳೆದರೆ ಗದ್ದಲ ಬೆಳೆದದ್ದು ಹತ್ತೇ ಪಟ್ಟು. ಮಸುಕಿನೊಳಗಿಂದ ತೋಳು ಮೆಲ್ಲಗೆ ಎದ್ದು ಬರುತ್ತದೆ. ನಗರದ ಗ್ಯಾಲಕ್ಸಿ ಛಾಯಾಗ್ರಹಣದ ಗುಟ್ಟೆಲ್ಲ ಇಷ್ಟೇ.

ಇದೇ ಲೆಕ್ಕವನ್ನು ಕತ್ತಲ ಹಳ್ಳಿಗೆ ಅನ್ವಯಿಸಿದರೆ ನಗರವಾಸ ತೆರುವ ಬೆಲೆ ಗೊತ್ತಾಗುತ್ತದೆ. ಅಲ್ಲಿ ಆಕಾಶದಿಂದ ಬರುವುದು 4,000 ಅಲ್ಲ, 100 ಕಣ. ಗದ್ದಲ 14. ಒಂದೇ ಚಿತ್ರದಲ್ಲಿ ತೋಳು ಸ್ಪಷ್ಟ. ಲೆಕ್ಕ ಹಾಕಿದರೆ, ಕತ್ತಲಲ್ಲಿ ಒಂದು ಗಂಟೆಯಲ್ಲಿ ದೊರೆಯುವುದಕ್ಕೆ ನಗರದಲ್ಲಿ ಸರಿಸುಮಾರು 20 ಗಂಟೆ ಬೇಕು. ಒಂದು ರಾತ್ರಿಯಲ್ಲಿ ನಾಲ್ಕು ಗಂಟೆ ಸಿಕ್ಕರೆ ಅದೇ ಹೆಚ್ಚು. ಆದ್ದರಿಂದ ಒಂದು ಗ್ಯಾಲಕ್ಸಿಯ ಚಿತ್ರಕ್ಕೆ ಐದಾರು ರಾತ್ರಿ, ಕೆಲವೊಮ್ಮೆ ಇಡೀ ಒಂದು ಋತುವೇ ವ್ಯಯವಾಗುತ್ತದೆ.

ಪ್ರಖರ ಆಕಾಶದಿಂದ ಒಂದು ಸಣ್ಣ ಅನುಕೂಲವೂ ಇದೆ. ಪ್ರತಿ ಬಾರಿ ಚಿತ್ರವನ್ನು ಓದಿಕೊಳ್ಳುವಾಗ ಕ್ಯಾಮೆರಾ ತನ್ನದೇ ಒಂದಿಷ್ಟು ದೋಷವನ್ನು ಸೇರಿಸುತ್ತದೆ. ಕತ್ತಲಲ್ಲಿ ಇದು ಎದ್ದು ಕಾಣುವುದರಿಂದ ಅಲ್ಲಿ ಐದು, ಹತ್ತು ನಿಮಿಷಗಳ ದೀರ್ಘ ಎಕ್ಸ್‌ಪೋಷರ್ ಬೇಕಾಗುತ್ತದೆ. ನಗರದಲ್ಲಿ ಆಕಾಶದ ಗದ್ದಲವೇ ಅದನ್ನು ಮುಳುಗಿಸಿಬಿಡುವುದರಿಂದ 30 ಸೆಕೆಂಡ್ ಅಥವಾ ಒಂದು ನಿಮಿಷದ ಚಿತ್ರಗಳೇ ಸಾಕು. ಯಾರೋ ಮೆಟ್ಟಿಲೇರಿ ಬಂದು ತಾರಸಿ ಅದುರಿದರೆ ಹಾಳಾಗುವುದು ಒಂದು ನಿಮಿಷ ಮಾತ್ರ.

ಕನ್ನಡಿಯೇ ಏಕೆ?

ಐಸಾಕ್ ನ್ಯೂಟನ್ 1668ರಲ್ಲಿ ಮೊದಲ ಬಾರಿಗೆ ಕನ್ನಡಿಯ ದೂರದರ್ಶಕ ತಯಾರಿಸಿದ. ಕೊಳವೆಯ ತಳದಲ್ಲೊಂದು ಬಾಗಿದ ಕನ್ನಡಿ, ಬಾಯಿಯ ಸಮೀಪ ಓರೆಯಾಗಿ ನಿಲ್ಲಿಸಿದ ಪುಟ್ಟ ಕನ್ನಡಿ. ಬೆಳಕು ಪಕ್ಕದ ರಂಧ್ರದಿಂದ ಹೊರಬರುತ್ತದೆ. ಮೂರೂವರೆ ಶತಮಾನಗಳ ನಂತರವೂ ಹವ್ಯಾಸಿಗಳ ಅಚ್ಚುಮೆಚ್ಚಿನ ವಿನ್ಯಾಸ ಇದೇ. ಮಸೂರಕ್ಕೆ ಹೋಲಿಸಿದರೆ ಅದೇ ಹಣಕ್ಕೆ ಹೆಚ್ಚು ಅಗಲದ ಕನ್ನಡಿ ದೊರೆಯುತ್ತದೆ, ಮಸೂರಗಳನ್ನು ಕಾಡುವ ಬಣ್ಣದ ಅಂಚಿನ ದೋಷ ಇದರಲ್ಲಿಲ್ಲ. ಎಂಟು ಅಂಗುಲದ ಕನ್ನಡಿಯು ಕತ್ತಲಿಗೆ ಹೊಂದಿಕೊಂಡು ಪೂರ್ಣ ಅರಳಿದ ಮನುಷ್ಯನ ಕಣ್ಣಿಗಿಂತ ಸುಮಾರು 800 ಪಟ್ಟು ಹೆಚ್ಚು ಬೆಳಕನ್ನು ಹಿಡಿಯುತ್ತದೆ.

ಐರ್ಲೆಂಡಿನ ಶ್ರೀಮಂತ ವಿಲಿಯಂ ಪಾರ್ಸನ್ಸ್ 1845ರಲ್ಲಿ ಗ್ಯಾಲಕ್ಸಿಯೊಂದರ ಸುರುಳಿಯಾಕಾರವನ್ನು ಮೊದಲ ಸಲ ಗುರುತಿಸಿದ್ದು ಆರು ಅಡಿ ಅಗಲದ ಲೋಹದ ಕನ್ನಡಿಯಿಂದ. ಆತ ಕಂಡದ್ದು ಸಪ್ತರ್ಷಿ ಮಂಡಲದ ಬಾಲದ ತುದಿಗೆ ಸಮೀಪದ ಎಂ51. ಅದೇ ಸುರುಳಿಯನ್ನು ಇಂದು ಆರು ಅಂಗುಲದ ಕನ್ನಡಿ ಮತ್ತು ಡಿಜಿಟಲ್ ಕ್ಯಾಮೆರಾ ನಗರದ ಹಿತ್ತಿಲಿನಿಂದಲೇ ದಾಖಲಿಸುತ್ತವೆ. ಕಣ್ಣಿಗೆ ಬೆಳಕನ್ನು ಕೂಡಿಟ್ಟುಕೊಳ್ಳುವ ಶಕ್ತಿಯಿಲ್ಲ, ಕ್ಯಾಮೆರಾಕ್ಕೆ ಇದೆ.

ಕನ್ನಡಿ ದೂರದರ್ಶಕ ಸಾಕುವುದು ಸುಲಭವೇನಲ್ಲ. ಎರಡೂ ಕನ್ನಡಿಗಳು ಕೂದಲೆಳೆಯಷ್ಟು ಓರೆಯಾದರೂ ನಕ್ಷತ್ರಗಳು ಚುಕ್ಕಿಯಾಗುವ ಬದಲು ಬಾಲ ಬಿಡುತ್ತವೆ. ಜರುಗಿಸಿದಾಗಲೆಲ್ಲ ಅವುಗಳ ನೇರ ಸರಿಪಡಿಸಬೇಕು. ಚಿತ್ರದ ಅಂಚುಗಳಲ್ಲಿ ನಕ್ಷತ್ರಗಳು ಧೂಮಕೇತುವಿನಂತೆ ಹಿಗ್ಗುವುದು ಈ ವಿನ್ಯಾಸದ ಹುಟ್ಟುಗುಣ. ಅದಕ್ಕೆ ಪ್ರತ್ಯೇಕ ತಿದ್ದುಮಸೂರವೇ ಬೇಕು. ಕಣ್ಣಿನಿಂದ ನೋಡಲೆಂದೇ ಮಾಡಿದ ಕೆಲವು ದೂರದರ್ಶಕಗಳಲ್ಲಿ ಕ್ಯಾಮೆರಾಕ್ಕೆ ಬಿಂಬ ಸ್ಪಷ್ಟವಾಗಿ ಕೂರುವುದೇ ಇಲ್ಲ. ಕೊಂಡ ಮೇಲೆ ಇದು ತಿಳಿದು ಪೇಚಾಡಿದವರು ಬಹಳ. ನಗರದಲ್ಲಿ ಇನ್ನೊಂದು ಕಾಟ: ಕೊಳವೆಯ ಬಾಯಿ ತೆರೆದಿರುವುದರಿಂದ ಪಕ್ಕದ ಮನೆಯ ಬಾಲ್ಕನಿಯ ಟ್ಯೂಬ್‌ಲೈಟ್ ನೇರವಾಗಿ ಒಳನುಗ್ಗುತ್ತದೆ. ಒಳಗೋಡೆಗೆ ಕಪ್ಪು ಮಖಮಲ್ಲಿನಂಥ ಕಾಗದ ಅಂಟಿಸಿ, ಬಾಯಿಗೆ ಉದ್ದನೆಯ ಕಪ್ಪು ತೋಳು ತೊಡಿಸುವುದು ಅಗ್ಗದ ಉಪಾಯ. ನೆರೆಯವರ ಬಾಗಿಲು ತಟ್ಟಿ ದೀಪ ಆರಿಸಲು ವಿನಂತಿಸುವುದು ಇನ್ನೂ ಅಗ್ಗ, ಆದರೆ ಸದಾ ಫಲಿಸುವುದಿಲ್ಲ.

ಹಣ ಹೆಚ್ಚು ಬೇಡುವುದು ಕನ್ನಡಿಯಲ್ಲ, ಪೀಠ. ಒಂದು ಮೀಟರ್ ಸಂಗಮ ದೂರದ ದೂರದರ್ಶಕಕ್ಕೆ ಇಂದಿನ ಸಾಮಾನ್ಯ ಖಗೋಳ ಕ್ಯಾಮೆರಾ ಜೋಡಿಸಿದರೆ, ಭೂಮಿಯ ತಿರುಗುವಿಕೆಯಿಂದ ನಕ್ಷತ್ರವೊಂದು ಪ್ರತಿ ಸೆಕೆಂಡಿಗೆ ಸುಮಾರು 19 ಪಿಕ್ಸೆಲ್ ಸರಿಯುತ್ತದೆ. ಇದನ್ನು ನಿಮಿಷಗಟ್ಟಲೆ ಒಂದೇ ಪಿಕ್ಸೆಲ್‌ನಲ್ಲಿ ಹಿಡಿದಿಡಬೇಕು.

ಧ್ರುವತಾರೆ ಮರೆಯಲ್ಲಿ, ಕನ್ಯಾರಾಶಿ ನೆತ್ತಿಯಲ್ಲಿ

ಆ ಪೀಠದ ಅಕ್ಷ ಧ್ರುವತಾರೆಯ ಕಡೆ ನೆಟ್ಟಿರಬೇಕು. ಯುರೋಪಿನಲ್ಲಿ ಬರೆದ ಕೈಪಿಡಿಗಳು ಇದನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ. ಅಲ್ಲಿ ಧ್ರುವತಾರೆ ಆಕಾಶದ ನಡುವೆ ಎತ್ತರದಲ್ಲಿರುತ್ತದೆ. ಬೆಂಗಳೂರಿನಲ್ಲಿ ಅದರ ಎತ್ತರ ಕ್ಷಿತಿಜದಿಂದ 13 ಡಿಗ್ರಿ ಮಾತ್ರ, ಕಲಬುರಗಿಯಲ್ಲಿ 17. ಉತ್ತರಕ್ಕೆ ಒಂದು ಅಪಾರ್ಟ್‌ಮೆಂಟ್, ಒಂದು ನೀರಿನ ಟ್ಯಾಂಕ್ ಅಥವಾ ಒಂದು ತೆಂಗಿನ ಮರ ಇದ್ದರೆ ಧ್ರುವತಾರೆ ಇಲ್ಲ. ಇದ್ದರೂ ಊರಿನ ಹೊಗೆ, ಧೂಳಿನ ಪದರದಲ್ಲಿ ಮಸುಕು. ಈಚಿನ ವರ್ಷಗಳಲ್ಲಿ, ಬೇರೆ ದಿಕ್ಕಿನ ನಕ್ಷತ್ರಗಳ ಚಿತ್ರಗಳನ್ನೇ ತೆಗೆದು ಪೀಠದ ಓರೆಯನ್ನು ಲೆಕ್ಕ ಹಾಕುವ ತಂತ್ರಾಂಶಗಳು ಬಂದಿರುವುದರಿಂದ ಈ ತೊಂದರೆ ಬಹುಮಟ್ಟಿಗೆ ನೀಗಿದೆ.

ಅಕ್ಷಾಂಶ ಒಂದು ಕಡೆ ಕಸಿದುಕೊಂಡದ್ದನ್ನು ಇನ್ನೊಂದು ಕಡೆ ಧಾರಾಳವಾಗಿ ಕೊಟ್ಟಿದೆ. ನಗರದ ಬೆಳಕಿನ ಕೊಡೆ ಕ್ಷಿತಿಜದ ಬಳಿ ದಟ್ಟ, ನೆತ್ತಿಯ ಮೇಲೆ ತೆಳು. ನೆತ್ತಿಯ ಕಡೆಯಿಂದ ಬರುವ ಬೆಳಕು ಹಾದುಬರಬೇಕಾದ ಗಾಳಿಯ ಪದರವೂ ಅತಿ ಕಡಿಮೆ. ನಗರದ ಆಕಾಶದಲ್ಲಿ ಸ್ವಲ್ಪವಾದರೂ ಶುದ್ಧವಾಗಿರುವ ತುಣುಕೆಂದರೆ ತಲೆಯ ಮೇಲಿನದು. ಮೈಸೂರು, ಬೆಂಗಳೂರು, ಮಂಗಳೂರುಗಳ ನೆತ್ತಿಯ ಮೇಲೆಯೇ ಹಾದುಹೋಗುವುದು ಕನ್ಯಾರಾಶಿಯ ಗ್ಯಾಲಕ್ಸಿ ಸಮೂಹ! ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಸಾವಿರಕ್ಕೂ ಹೆಚ್ಚು ಗ್ಯಾಲಕ್ಸಿಗಳು ಕೂಡಿರುವ ಊರು ಅದು. ಲಂಡನ್ನಿನ ಹವ್ಯಾಸಿಗಳು ಇದನ್ನು ದಕ್ಷಿಣದ ಕಡೆ ಓರೆಯಾಗಿ ನೋಡಬೇಕು. ಇಲ್ಲಿನವರಿಗೆ ತಲೆಯೆತ್ತಿದರೆ ಸಾಕು. ಸಮೂಹದ ನಡುವಿನ ದೈತ್ಯ ಎಂ87. ಮನುಕುಲ ಕಂಡ ಮೊದಲ ಕಪ್ಪುಕುಳಿಯ ಚಿತ್ರ, 2019ರ ಏಪ್ರಿಲ್ 10ರಂದು ಬಿಡುಗಡೆಯಾದದ್ದು, ಈ ಗ್ಯಾಲಕ್ಸಿಯ ಗರ್ಭದ್ದು. ಅಲ್ಲಿಂದ ಚಿಮ್ಮುವ ಬೆಳಕಿನ ಕಾರಂಜಿಯನ್ನು ಎಂಟು ಅಂಗುಲದ ಕನ್ನಡಿಯಿಂದ ಪುಟ್ಟ ಗೀಟಿನಂತೆ ಹಿಡಿದ ಹವ್ಯಾಸಿಗಳಿದ್ದಾರೆ.

ದಕ್ಷಿಣದಲ್ಲೂ ಲಾಭವಿದೆ. ಉತ್ತರ ಯುರೋಪಿಗೆ ಕಾಣದ ಸೆಂಟಾರಸ್ ಎ ಗ್ಯಾಲಕ್ಸಿ ಬೆಂಗಳೂರಿನಲ್ಲಿ 34 ಡಿಗ್ರಿ ಎತ್ತರಕ್ಕೆ ಏರುತ್ತದೆ.

ಅಡ್ಡಿಯಾಗುವುದು ಪಂಚಾಂಗ. ಕನ್ಯಾರಾಶಿ ಮಧ್ಯರಾತ್ರಿ ನೆತ್ತಿಗೆ ಬರುವುದು ಮಾರ್ಚ್ ಕೊನೆಯ ವಾರದಲ್ಲಿ. ಮೇ ಹೊತ್ತಿಗೆ ಅದು ರಾತ್ರಿ ಒಂಬತ್ತರ ಸುಮಾರಿಗೇ ಅಲ್ಲಿರುತ್ತದೆ, ಆದರೆ ಅಷ್ಟರಲ್ಲಿ ಅಶ್ವಿನಿ, ಭರಣಿ ಮಳೆಗಳ ಮೋಡ ಕವಿಯತೊಡಗುತ್ತದೆ. ಫೆಬ್ರುವರಿ, ಮಾರ್ಚ್ ತಿಂಗಳ ಮಧ್ಯರಾತ್ರಿಯಿಂದ ನಸುಕಿನವರೆಗಿನ ಹೊತ್ತೇ ಗಟ್ಟಿ. ಅಂಗಡಿಗಳ ಫಲಕಗಳು ಆರಿರುತ್ತವೆ, ವಾಹನಗಳೂ ಕಡಿಮೆ. 25 ಲಕ್ಷ ಜ್ಯೋತಿರ್ವರ್ಷ ದೂರದ ನೆರೆಯ ದೇವಯಾನಿ ಗ್ಯಾಲಕ್ಸಿಗೆ ಅಕ್ಟೋಬರ್‌ನಿಂದ ಡಿಸೆಂಬರ್ ಸಕಾಲ. ದೀಪಾವಳಿಯ ವಾರವನ್ನು ಮಾತ್ರ ಲೆಕ್ಕದಿಂದ ಬಿಡುವುದು ಒಳಿತು.

ಹಳದಿ ದೀಪ ಹೋಗಿ ಬಿಳಿ ದೀಪ ಬಂತು

ಬೆಳಕಿನ ಮಾಲಿನ್ಯಕ್ಕೆ ಫಿಲ್ಟರ್ ಹಾಕಿದರೆ ಮುಗಿಯಿತು ಎಂಬ ನಂಬಿಕೆ ಹೊಸಬರಲ್ಲಿ ವ್ಯಾಪಕ. ಸೋಡಿಯಂ ಬೀದಿದೀಪಗಳ ಕಾಲಕ್ಕೆ ಅದು ಅರ್ಧ ಸತ್ಯವಾಗಿತ್ತು. ಆ ಹಳದಿ ಬೆಳಕಿನ ಬಹುಪಾಲು ವರ್ಣಪಟಲದ ಒಂದು ಭಾಗದಲ್ಲಿ ಕೂಡಿಕೊಂಡಿರುತ್ತಿದ್ದರಿಂದ ಅಷ್ಟನ್ನು ತಡೆದರೆ ಉಳಿದದ್ದು ದಕ್ಕುತ್ತಿತ್ತು. ಅವುಗಳ ಜಾಗಕ್ಕೆ ಬಂದ ಬಿಳಿ ಎಲ್‌ಇಡಿ ದೀಪಗಳು ವಿದ್ಯುತ್ ಉಳಿಸುತ್ತವೆ, ನಿಜ. ಆದರೆ ಅವುಗಳ ಬೆಳಕು ನೀಲಿಯಿಂದ ಕೆಂಪಿನವರೆಗೂ ಹರಡಿದೆ. ನೀಲಿ ಬೆಳಕು ಗಾಳಿಯಲ್ಲಿ ಹೆಚ್ಚು ಚದುರುವುದರಿಂದ ಆಕಾಶ ಇನ್ನಷ್ಟು ಬೆಳಗುತ್ತದೆ. ಗ್ಯಾಲಕ್ಸಿಯ ಬೆಳಕೂ ಕೋಟಿ ಕೋಟಿ ನಕ್ಷತ್ರಗಳದ್ದೇ, ಅದೂ ಎಲ್ಲ ಬಣ್ಣಗಳಲ್ಲಿ ಹರಡಿರುವಂಥದ್ದು. ಬೀದಿದೀಪವನ್ನು ತಡೆಯುವ ಫಿಲ್ಟರ್ ಗ್ಯಾಲಕ್ಸಿಯನ್ನೂ ತಡೆಯುತ್ತದೆ. ಅಂಗಡಿಯವರು ಏನೇ ಹೇಳಲಿ, ಆ ಹಣವನ್ನು ಉಳಿಸಿಕೊಳ್ಳುವುದೇ ಜಾಣತನ. ಹೈಡ್ರೋಜನ್ ಅನಿಲದ ಕೆಂಪು ಬೆಳಕನ್ನಷ್ಟೇ ಬಿಡುವ ಕಿರಿದಾದ ಫಿಲ್ಟರ್ ಮಾತ್ರ ಇದಕ್ಕೆ ಅಪವಾದ. ಎಂ82 ಗ್ಯಾಲಕ್ಸಿಯ ಒಡಲಿಂದ ಹೊರಚಿಮ್ಮುವ ಕೆಂಪು ಎಳೆಗಳನ್ನು ಅದು ನಗರದಲ್ಲೂ ತೋರಿಸಬಲ್ಲದು.

ದೀಪ ಆರಿದರೆ ಏನಾಗುತ್ತದೆ ಎಂಬುದಕ್ಕೆ ಇತಿಹಾಸದಲ್ಲೊಂದು ಪ್ರಸಿದ್ಧ ಉದಾಹರಣೆಯಿದೆ. ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಬೆಟ್ಟದ ಮೇಲಿನ 100 ಅಂಗುಲದ ಕನ್ನಡಿ ಒಂದು ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು. ಬುಡದಲ್ಲಿ ಬೆಳೆಯುತ್ತಿದ್ದ ಲಾಸ್ ಏಂಜಲೀಸ್ ನಗರದ ಬೆಳಕು ಅದರ ಆಕಾಶವನ್ನು ಕೆಡಿಸುತ್ತಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ದಾಳಿಯ ಭಯದಿಂದ ನಗರದ ದೀಪಗಳನ್ನು ಮಂಕಾಗಿಸಲಾಯಿತು. ಅಲ್ಲಿನ ಸಹೋದ್ಯೋಗಿಗಳಲ್ಲಿ ಅನೇಕರು ಯುದ್ಧದ ಕೆಲಸಕ್ಕೆ ಹೋಗಿದ್ದರು. ಶತ್ರುದೇಶ ಜರ್ಮನಿಯ ಪ್ರಜೆಯೆಂಬ ಕಾರಣಕ್ಕೆ ಅಂಥ ಕೆಲಸ ಸಿಗದೆ ಉಳಿದವರು ವಾಲ್ಟರ್ ಬಾಡೆ. ಕತ್ತಲೂ ಇತ್ತು, ದೂರದರ್ಶಕವೂ ಖಾಲಿ ಇತ್ತು. ದೇವಯಾನಿ ಗ್ಯಾಲಕ್ಸಿಯ ನಡುಭಾಗವನ್ನು ಅವರು ಬಿಡಿ ಬಿಡಿ ನಕ್ಷತ್ರಗಳಾಗಿ ಬೇರ್ಪಡಿಸಿದ ಚಿತ್ರಗಳ ಫಲಿತಾಂಶ 1944ರಲ್ಲಿ ಪ್ರಕಟವಾಯಿತು. ನಕ್ಷತ್ರಗಳಲ್ಲಿ ಎರಡು ಬಗೆಯ ಪೀಳಿಗೆಗಳಿವೆ ಎಂಬ ತಿಳಿವಳಿಕೆ ಹುಟ್ಟಿದ್ದು ಅದರಿಂದ. ಬಡಾವಣೆಯಲ್ಲಿ ಕರೆಂಟ್ ಹೋದಾಗ ಎಲ್ಲರೂ ಗೊಣಗುತ್ತಿರುವಾಗ ತಾರಸಿಯಲ್ಲಿ ಒಬ್ಬರು ಸುಮ್ಮನೆ ಖುಷಿಪಟ್ಟರೆ ಅದಕ್ಕೆ ಇಂಥ ಪರಂಪರೆಯಿದೆ.

ವೃತ್ತಿಪರರು ನಗರದ ಆಕಾಶದ ಆಸೆ ಬಿಟ್ಟು ಬಹಳ ಕಾಲವಾಯಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ ಇರುವುದು ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ. ಅದನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಹಾನ್ಲೆಯ ಸುತ್ತಲಿನ ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹವ್ಯಾಸಿಗೆ ಅಂಥ ಆಯ್ಕೆಯಿಲ್ಲ. ಬೆಳಿಗ್ಗೆ ಕಚೇರಿಗೆ ಹೋಗಬೇಕಾದವರಿಗೆ ತಾರಸಿಯೇ ಹಾನ್ಲೆ.

ಕೂಡುವುದು, ಕಳೆಯುವುದು, ಭಾಗಿಸುವುದು

ರಾತ್ರಿ ತೆಗೆದ ನೂರಾರು ಚಿತ್ರಗಳು ಬೆಳಿಗ್ಗೆ ನೋಡಿದರೆ ಬೂದು ಬಣ್ಣದ ಹಾಳೆಗಳು. ಸಿರಿಲ್, ಡೀಪ್ ಸ್ಕೈ ಸ್ಟ್ಯಾಕರ್‌ನಂಥ ಉಚಿತ ತಂತ್ರಾಂಶಗಳು ಪ್ರತಿ ಚಿತ್ರದ ನಕ್ಷತ್ರಗಳನ್ನು ಗುರುತಿಸಿ, ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಿಸಿ, ಕೂಡಿಸುತ್ತವೆ. ವಿಮಾನ, ಉಪಗ್ರಹಗಳ ಗೀರುಗಳು ಆಯಾ ಚಿತ್ರದಲ್ಲಷ್ಟೇ ಇರುವುದರಿಂದ ಬೇರೆ ಚಿತ್ರಗಳ ಜೊತೆ ಹೋಲಿಸಿ ಅವನ್ನು ತೆಗೆದುಹಾಕಬಹುದು. ಕ್ಯಾಮೆರಾದ ಬಿಸಿಯಿಂದಾಗುವ ದೋಷ ತಿಳಿಯಲು ದೂರದರ್ಶಕದ ಬಾಯಿ ಮುಚ್ಚಿ ತೆಗೆದ ಕಪ್ಪು ಚಿತ್ರಗಳನ್ನು ಕಳೆಯಬೇಕು.

ನಗರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಭಾಗಾಕಾರ. ಯಾವ ದೂರದರ್ಶಕವೂ ಚಿತ್ರದ ಮೂಲೆಗಳಿಗೆ ನಡುವಿನಷ್ಟೇ ಬೆಳಕು ಕೊಡುವುದಿಲ್ಲ. ಮೇಲಾಗಿ ಕ್ಯಾಮೆರಾದ ಮೇಲಿನ ಧೂಳಿನ ಕಣಗಳು ಕಪ್ಪು ಬಳೆಗಳಂತೆ ಮೂಡುತ್ತವೆ. ಆಕಾಶದ ಬೆಳಕು ಗ್ಯಾಲಕ್ಸಿಯ ತೋಳಿಗಿಂತ 40 ಪಟ್ಟು ಹೆಚ್ಚಿರುವಾಗ, ಆ ಬೆಳಕಿನಲ್ಲಿ ಶೇಕಡಾ ಎರಡರ ಏರುಪೇರಾದರೂ ಗ್ಯಾಲಕ್ಸಿಯ ಬಹುಪಾಲು ನುಂಗಿಹೋಗುತ್ತದೆ. ಇದಕ್ಕೆ ಮದ್ದು, ಬಾಯಿಗೆ ಬಿಳಿ ಬಟ್ಟೆ ಬಿಗಿದು ಸಮನಾದ ಬೆಳಕಿನಲ್ಲಿ ತೆಗೆದ ‘ಫ್ಲ್ಯಾಟ್’ ಚಿತ್ರ. ಗ್ಯಾಲಕ್ಸಿಯ ಚಿತ್ರವನ್ನು ಇದರಿಂದ ಭಾಗಿಸಿದರೆ ಕಲೆಗಳು ಮಾಯ. ಹಳ್ಳಿಯಲ್ಲಿ ಇದನ್ನು ಮರೆತರೂ ನಡೆದೀತು. ನಗರದಲ್ಲಿ ಮರೆತರೆ ಐದು ರಾತ್ರಿಗಳ ನಿದ್ದೆಗೆಟ್ಟದ್ದು ವ್ಯರ್ಥ.

ಕಡೆಗೆ ಉಳಿಯುವ ಪ್ರಶ್ನೆ, ಎಲ್ಲಿಗೆ ನಿಲ್ಲಿಸಬೇಕು ಎಂಬುದು. ಗದ್ದಲವನ್ನು ನುಣ್ಣಗೆ ಒರೆಸುವ ಕೃತಕ ಬುದ್ಧಿಮತ್ತೆಯ ಉಪಕರಣಗಳು ಈಗ ಎಲ್ಲರ ಕೈಯಲ್ಲಿವೆ. ಹದವರಿತು ಬಳಸಿದರೆ ಸರಿ, ಮಿತಿಮೀರಿದರೆ ಕ್ಯಾಮೆರಾಕ್ಕೆ ಬೀಳದೇ ಇದ್ದ ಎಳೆಗಳೂ ಚಿತ್ರದಲ್ಲಿ ಮೂಡಬಹುದು. ಗ್ಯಾಲಕ್ಸಿಯ ಹೊರ ಅಂಚಿನ ಅತಿ ಮಂಕಾದ ಸೆರಗು ನಗರದ ಚಿತ್ರದಲ್ಲಿ ಬರುವುದೇ ಇಲ್ಲ ಎಂಬುದನ್ನು ಒಪ್ಪಿಕೊಂಡು, ಬಂದಷ್ಟನ್ನೇ ತೋರಿಸುವ ಚಿತ್ರ ನೋಡಲು ತುಸು ಬಡವಾಗಿ ಕಂಡರೂ ಅದಕ್ಕೆ ಸಾಕ್ಷ್ಯದ ಬೆಲೆಯಿದೆ.

ರೊಸಾರಿಯೊದಲ್ಲಿ ಬೆಲೆ ಬಂದದ್ದು ಅಂಥ ಚಿತ್ರಗಳಿಗೇ. ಎನ್‌ಜಿಸಿ 613 ಆ ನಗರದ ನೆತ್ತಿಯ ಸಮೀಪ, ಮೂರು ನಾಲ್ಕು ಡಿಗ್ರಿ ಅಂತರದಲ್ಲಿ ಹಾದುಹೋಗುತ್ತದೆ. ಬೂಸೊ ತೆಗೆದ ಮೊದಲ ಸರಣಿಯಲ್ಲಿ ಗ್ಯಾಲಕ್ಸಿ ಮಾಮೂಲಿನಂತೆಯೇ ಇತ್ತು. ಸ್ವಲ್ಪ ಬಿಡುವಿನ ನಂತರ ತೆಗೆದ ಚಿತ್ರಗಳಲ್ಲಿ ಅದರ ಅಂಚಿನಲ್ಲಿ ಮೊದಲಿರದಿದ್ದ ಒಂದು ಚುಕ್ಕಿ. ನಕ್ಷತ್ರವೊಂದು ಸಿಡಿದು, ಆಘಾತದ ಅಲೆ ಅದರ ಮೇಲ್ಮೈಯನ್ನು ಸೀಳಿ ಹೊರಬರುತ್ತಿದ್ದ ಕ್ಷಣ ಅದು. ಸೂಪರ್‌ನೋವಾದ ಈ ಮೊದಲ ಗಳಿಗೆಯನ್ನು ಹಿಡಿಯಲು ವಿಜ್ಞಾನಿಗಳು ದಶಕಗಳಿಂದ ಕಾದಿದ್ದರು. ಆಕಸ್ಮಿಕವಾಗಿ ಅದು ಕಾಣಸಿಗುವ ಸಾಧ್ಯತೆ ಕೋಟಿಗೊಂದು ಎಂದು ಆಮೇಲೆ ಅಂದಾಜಿಸಲಾಯಿತು. ಎಸ್‌ಎನ್ 2016ಜಿಕೆಜಿ ಎಂಬ ಹೆಸರು ಅದಕ್ಕೆ ಬಂತು. ಕತ್ತಲ ಬೆಟ್ಟದ ಮೇಲೆ ದೀರ್ಘ ಎಕ್ಸ್‌ಪೋಷರ್ ಕೊಟ್ಟಿದ್ದರೆ ಒಂದೋ ಎರಡೋ ಚಿತ್ರದಲ್ಲಿ ಎಲ್ಲ ಕಲಸಿಹೋಗುತ್ತಿತ್ತು. ನಗರದ ಬೆಳಕಿಗೆ ಹೆದರಿ ತೆಗೆದ 20 ಸೆಕೆಂಡ್‌ಗಳ ತುಣುಕುಗಳಲ್ಲಿ ಆ ಚುಕ್ಕಿ ಹೇಗೆ ಕ್ಷಣಕ್ಷಣಕ್ಕೂ ಬೆಳಗುತ್ತ ಹೋಯಿತೆಂಬುದನ್ನು ಮೆಲಿನಾ ಬರ್ಸ್ಟನ್ ನೇತೃತ್ವದ ತಂಡ ಒಂದೊಂದಾಗಿ ಅಳೆಯಿತು.